ಪ್ಯಾಕೆಟ್ಟಿನ ಕುಂಕುಮ

ನಮ್ಮಮ್ಮನಿಗೆ ಹುರಿಹಿಟ್ಟು ಕಂಡರೆ ಆಗುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಯಾಕೆಂದರೆ ಸುಮಾರು ಎರಡು ವರ್ಷ ತುಮಕೂರಿನ ಜನ ಹುರಿಹಿಟ್ಟಿನ ಪ್ಯಾಕೆಟ್ಟಿನ ಮೇಲೆ ನೋಡುತ್ತಿದ್ದದ್ದು ಅವಳ ಮುಖವನ್ನೇ. ಈ ಅಜ್ಜಿ ಹುಟ್ಟಿದಾಗಿನಿಂದ ಇದನ್ನೇ ತಿಂದುಕೊಂಡು ಹೀಗೆ ಗಟ್ಟಿಮುಟ್ಟಾಗಿ ನಗುತ್ತಿದ್ದಾಳೆ ಅಂತ ನಂಬಿ ಎಷ್ಟು ಜನ ಕೊಂಡರೋ ನನಗೆ ಗೊತ್ತಿಲ್ಲ.

ಅಮ್ಮನ ತವರು ಕುಣಿಗಲ್ ತಾಲ್ಲೂಕಿನಲ್ಲಿ, ಹುತ್ರಿದುರ್ಗದ ಬೆಟ್ಟದ ಬುಡದ ಒಂದು ಹಳ್ಳಿ. ರಾಗಿಗೆ ನೀರು ಚಿಮುಕಿಸಿ, ಬಟ್ಟೆ ಮುಚ್ಚಿ ಒಂದು ರಾತ್ರಿ ಇಟ್ಟು, ನೆರಳಲ್ಲಿ ಆರಿಸಿ, ಕಾದ ಮರಳಿನಲ್ಲಿ ಅರಳಿಸಿ, ಮರಳು ಜರಡಿ ಹಿಡಿದು, ಆಮೇಲೆ ಬೀಸಿದರೆ ಹುರಿಹಿಟ್ಟು. ಅಷ್ಟೂ ಕೆಲಸ ಆ ಮನೆಯ ಹೆಣ್ಣುಮಕ್ಕಳ ಪಾಲಿಗಿತ್ತು. ಒಲೆಯ ಮುಂದೆ ಮುಖ ಬೇಯಿಸಿಕೊಂಡು ಮಾಡಿದ್ದನ್ನೇ ಬೆಲ್ಲ ಕಲಸಿ ಮೂರು ಹೊತ್ತೂ ತಿನ್ನಬೇಕಾಗಿತ್ತು. "ಹೊಲಕ್ಕೆ ಹೋಗೋವಾಗ್ಲೂ ಹುರಿಟ್ಟು, ಬಂದಾಗ್ಲೂ ಹುರಿಟ್ಟು. ಈ ಜನ್ಮಕ್ಕಾಗೋವಷ್ಟು ತಿಂದಿದೀನಿ ಬುಡೇ," ಅನ್ನುತ್ತಾಳೆ.

ಈಗ ಅವಳಿರುವುದು ತುಮಕೂರಿನ ಶೆಟ್ಟಿಹಳ್ಳಿಯ ನಮ್ಮ ಮನೆಯಲ್ಲಿ. ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳುವ ಟೀಚರು. ನನ್ನ ಗಂಡನಿಗೆ ಹಿರೇಹಳ್ಳಿಯ ಒಂದು ವರ್ಕ್‌ಶಾಪಿನಲ್ಲಿ ಕೆಲಸ. ಅಮ್ಮ ಏಳುವುದು ನಾವಿಬ್ಬರೂ ಮನೆ ಬಿಡುವ ಹೊತ್ತಿಗೆ. ಎದ್ದವಳಿಗೆ ದೊಡ್ಡ ಲೋಟದ ತುಂಬ ಕಾಫಿ, ಧಾರಾಳವಾಗಿ ಸಕ್ಕರೆ. ಆಮೇಲೆ ಹಿಂದಿನ ದಿನದ ಧಾರಾವಾಹಿಯನ್ನು ಇನ್ನೊಂದು ಸಲ ನೋಡುತ್ತ, ಅದರಲ್ಲಿ ಬರುವ ಅತ್ತೆಗೆ ಬಾಯಿಗೆ ಬಂದಂತೆ ಬೈಯುವುದು. ಇದು ಅವಳ ನಿಜವಾದ ಬೆಳಗು.

ಅಪ್ಪ ಇದ್ದಾಗಿನ ಅಮ್ಮನ ಮುಖ ಅಂದರೆ ನನಗೆ ನೆನಪಾಗುವುದು ಕುಂಕುಮ. ಬೆಳಿಗ್ಗೆ ಮುಖ ತೊಳೆದು, ಗೋಡೆಯ ಸಣ್ಣ ಕನ್ನಡಿಯ ಮುಂದೆ ನಿಂತು, ಉಂಗುರದ ಬೆರಳಲ್ಲಿ ಮೊದಲು ಮೇಣ ಹಚ್ಚುತ್ತಿದ್ದಳು. ಅದರ ಮೇಲೆ ಕುಂಕುಮ ಒತ್ತಿ, ಅಂಚನ್ನು ಸೆರಗಿನ ತುದಿಯಿಂದ ತಿದ್ದುತ್ತಿದ್ದಳು. ಸಂಜೆಯಾದರೂ ಕದಲದ, ಎಂಟಾಣೆ ಅಗಲದ ದುಂಡನೆಯ ಕುಂಕುಮ. ಜ್ವರ ಬಂದು ಮಲಗಿದ್ದರೂ ಎದ್ದು ಕುಂಕುಮ ಇಟ್ಟುಕೊಂಡು ಮತ್ತೆ ಮಲಗುತ್ತಿದ್ದಳು. ಅಪ್ಪ "ಸೂರ್ಯ ಹುಟ್ದಾ?" ಅಂತ ತಮಾಷೆ ಮಾಡುತ್ತಿದ್ದರು. ಒಡವೆಯ ಆಸೆ, ಸೀರೆಯ ಆಸೆ ಅವಳಿಗೆ ಅಷ್ಟೇನೂ ಇರಲಿಲ್ಲ. ಇದೊಂದರ ಮೇಲೆ ಮಾತ್ರ ಪ್ರಾಣ.

ಅಪ್ಪ ಹೋದ ಮೇಲೆ ಅವರ ಊರು ಗುಬ್ಬಿಯ ಮನೆಯಲ್ಲಿ, ತಿಥಿಯ ದಿನ, ಅವಳನ್ನು ಕೂರಿಸಿ ತಲೆ ತುಂಬ ಹೂವು ಮುಡಿಸಿ, ಹಣೆ ತುಂಬ ಕುಂಕುಮ ಇಟ್ಟು, ಕೈತುಂಬ ಬಳೆ ತೊಡಿಸಿ, ಆಮೇಲೆ ಒಂದೊಂದಾಗಿ ತೆಗೆದರು. ಕುಂಕುಮ ಅಳಿಸಿದವಳು ಚಿಕ್ಕಮ್ಮ, ಅಪ್ಪನ ತಮ್ಮನ ಹೆಂಡತಿ. ಅಕ್ಕ ಅಕ್ಕ ಅಂತ ಜೀವ ಬಿಡುವವಳು, ಅಳುತ್ತಲೇ ಅಳಿಸಿದಳು. ನಾನು ಇದೆಲ್ಲ ಬೇಡ ಅಂತ ಜಗಳಕ್ಕೆ ನಿಂತಿದ್ದೆ. ಅಮ್ಮನೇ ತಲೆ ಎತ್ತದೆ, "ಸುಮ್ನಿರವ್ವ, ಮಾಡೋದು ಮಾಡ್ಲಿ," ಅಂದಳು. ನನ್ನ ಜಗಳ ಅಲ್ಲಿಗೆ ಮುಗಿಯಿತು.

ನಮ್ಮ ಮನೆಗೆ ಬಂದ ಮೇಲೆ ಸಾಸಿವೆಯಷ್ಟು ಸಣ್ಣ ಕಂದು ಸ್ಟಿಕರ್ ಅಂಟಿಸಿಕೊಳ್ಳತೊಡಗಿದಳು. ಪೇಟೆಯಲ್ಲಿ ಅಷ್ಟಕ್ಕೆ ಯಾರೂ ಏನೂ ಅನ್ನುವುದಿಲ್ಲ, ಅದು ಕುಂಕುಮ ಅಲ್ಲವಲ್ಲ. ನಾನು ಎಷ್ಟೋ ಸಲ ಹೇಳಿದ್ದೇನೆ, ಈ ಕಾಲದಲ್ಲಿ ಯಾರು ಕೇಳ್ತಾರೆ, ಕುಂಕುಮಾನೇ ಇಟ್ಕೋಮ್ಮ ಅಂತ. "ನಿನ್ನ ಕೇಳಲ್ಲ ಕಣೇ. ನನ್ನ ಕೇಳ್ತಾರೆ," ಅಂದಳು. ಹಬ್ಬದ ದಿನ ಅಕ್ಕಪಕ್ಕದವರು ಅರಿಶಿನ ಕುಂಕುಮಕ್ಕೆ ಕರೆಯಲು ಬಂದರೆ ಅವಳು ತಾನಾಗಿಯೇ ಎದ್ದು ಅಡುಗೆಮನೆಗೆ ಹೋಗುತ್ತಿದ್ದಳು. ಬಂದವರಿಗೆ ಮುಜುಗರ ಆಗಬಾರದು ಅಂತ. ನನಗೆ ಮೈಯೆಲ್ಲ ಉರಿಯುತ್ತಿತ್ತು.

ಹೀಗಿರುವಾಗ ಒಂದು ಆಯುಧಪೂಜೆಗೆ ನಾವೆಲ್ಲ ಹಿರೇಹಳ್ಳಿಗೆ ಹೋದೆವು. ನನ್ನ ಗಂಡನ ವರ್ಕ್‌ಶಾಪಿನ ಪಕ್ಕದ ಶೆಡ್ಡಿನಲ್ಲಿ ಗುಬ್ಬಿ ಕಡೆಯ ಒಬ್ಬಾತ ಹೊಸದಾಗಿ ಹುರಿಹಿಟ್ಟಿನ ಯೂನಿಟ್ ಹಾಕಿದ್ದ. ಅವರದ್ದು ಹಳೆಯ ಹಿಟ್ಟಿನ ಗಿರಣಿಯ ಮನೆತನ. ಮೂವತ್ತೈದರ ಆಸುಪಾಸು, ವಿನಯದ ಮನುಷ್ಯ. ನಮ್ಮನ್ನೂ ಪೂಜೆಗೆ ಕರೆದ. ಹೋದರೆ ಅಲ್ಲಿ ಪೂಜೆಗಿಂತ ಜಾಸ್ತಿ ಗಲಾಟೆ. ಪ್ಯಾಕೆಟ್ಟಿನ ಮೇಲೆ ಹಾಕಲು ಒಬ್ಬ ಅಜ್ಜಿಯ ಫೋಟೋ ಬೇಕಂತೆ, ಬೆಂಗಳೂರಿನಿಂದ ಫೋಟೋದವರು ಬಂದಿದ್ದಾರೆ, ಗೊತ್ತು ಮಾಡಿದ್ದ ಅಜ್ಜಿ ಮಾತ್ರ ಬಂದಿಲ್ಲ. ಫೋಟೋದವನು ಪುರಿ, ಕಡಲೆ ಬಾಯಿಗೆ ಹಾಕಿಕೊಳ್ಳುತ್ತ ಅತ್ತಿತ್ತ ನೋಡಿದವನು ನಮ್ಮಮ್ಮನನ್ನು ನೋಡಿ ನಿಂತುಬಿಟ್ಟ. "ಇವ್ರೇ ಸಾಕಲ್ಲ ಸಾರ್, ಎಂಥಾ ಮುಖ!" ಅಂದ.

ಅಮ್ಮ ಬೇಡ ಬೇಡ ಅಂತ ನಾಚಿಕೊಂಡಳು. ಮಾಲೀಕ ಕೈಮುಗಿದು, "ಅಮ್ಮ, ಒಂದೇ ಒಂದು ಫೋಟೋ, ನಮ್ಮ ಕಷ್ಟ ಕಳೀರಿ," ಅಂದ. ಒಳಗಿನ ರೂಮಿನಲ್ಲಿ ಕೂರಿಸಿದರು. ಮೇಕಪ್ಪಿನ ಹುಡುಗಿ ಮೊದಲು ಮಾಡಿದ ಕೆಲಸ ಅಂದರೆ ಅಮ್ಮನ ಹಣೆಯ ಸ್ಟಿಕರ್ ಕಿತ್ತು ಕನ್ನಡಿಗೆ ಅಂಟಿಸಿದ್ದು. ಕೆಂಪಂಚಿನ ಸೀರೆ, ಹಸಿರು ಬಳೆ, ಮಲ್ಲಿಗೆ ಎಲ್ಲ ಪೆಟ್ಟಿಗೆಯಲ್ಲಿ ತಯಾರಾಗಿದ್ದವು. ಆಮೇಲೆ ಕುಂಕುಮದ ಡಬ್ಬಿ ತೆರೆದಳು.

ನಾನು ಬಾಗಿಲಲ್ಲಿ ನಿಂತಿದ್ದೆ. ಹೇಳಬೇಕು ಅಂತ ಬಾಯಿ ತೆರೆದೆ. ಅಮ್ಮ ಕನ್ನಡಿಯಲ್ಲೇ ನನ್ನನ್ನು ನೋಡಿದಳು. ಚಿಕ್ಕವಳಿದ್ದಾಗ ನೆಂಟರ ಮುಂದೆ ನಾನು ಮನೆಯ ಗುಟ್ಟು ಬಿಚ್ಚಲು ಹೊರಟರೆ ಹೀಗೇ ಕಣ್ಣಲ್ಲೇ ಗದರುತ್ತಿದ್ದಳು. ನಾನು ಬಾಯಿ ಮುಚ್ಚಿದೆ. ಹುಡುಗಿ ವ್ಯಾಸಲೀನ್ ಸವರಿ ಅದರ ಮೇಲೆ ಕುಂಕುಮ ಇಡಲು ಹೋದಾಗ ಅಮ್ಮ, "ಮೇಣ ಇಲ್ವಾ ಮಗ? ಇದ್ರಲ್ಲಿ ಜಾರೋಗುತ್ತೆ," ಅಂದಳು. ಹುಡುಗಿಗೆ ಮೇಣ ಅಂದರೆ ಏನು ಅಂತಲೇ ಗೊತ್ತಿರಲಿಲ್ಲ. ಅಮ್ಮ ಡಬ್ಬಿ ಈಸಿಕೊಂಡು, ಉಂಗುರದ ಬೆರಳು ಅದ್ದಿ, ಒಂದೇ ಸಲಕ್ಕೆ ದುಂಡಗೆ ಇಟ್ಟುಕೊಂಡಳು. ಕುಂಕುಮ ಮುಟ್ಟಿ ಆರು ವರ್ಷವಾಗಿತ್ತು. ಅಂಚು ತಿದ್ದುವುದೂ ಬೇಕಾಗಲಿಲ್ಲ.

ಮನೆಗೆ ಬರುವಾಗ ಕಾರಿನಲ್ಲಿ ಮುಖ ಒರೆಸಿಕೊಳ್ಳಲಿಲ್ಲ. ನನ್ನ ಗಂಡ ನೋಡಿ, "ಚೆನ್ನಾಗಿ ಕಾಣ್ತೀರ ಅತ್ತೆ," ಅಂದರು. ಅವಳು ಕಿಟಕಿಯ ಕಡೆ ಮುಖ ತಿರುಗಿಸಿಕೊಂಡಳು. ನನಗೆ ಅಳು ಬಂತು, ಜೊತೆಗೆ ಹೆದರಿಕೆಯೂ ಆಯಿತು. ಫೋಟೋ ಪ್ಯಾಕೆಟ್ಟಿನ ಮೇಲೆ ಬಂದರೆ ಗುಬ್ಬಿಯ ಮನೆಯವರು ಏನಂದಾರು?

ಪ್ಯಾಕೆಟ್ ಬಂತು. ಮುಂದೆ ಅಮ್ಮ, ಕೈಯಲ್ಲಿ ಕಂಚಿನ ಲೋಟ, ಹಣೆಯಲ್ಲಿ ಆ ಕುಂಕುಮ. ಹಿಂದೆ ಒಂದಷ್ಟು ಬರಹ: ನಾಲ್ಕು ತಲೆಮಾರಿನ ತುಂಬು ಮನೆಯ ಅಜ್ಜಿ, ಕೋಳಿ ಕೂಗುವ ಮೊದಲೇ ಏಳುವ ಅಜ್ಜಿ, ಜೀವನದಲ್ಲಿ ಕಾಫಿ ಮುಟ್ಟದ ಅಜ್ಜಿ. ಕೆಳಗೆ ಒಂದು ಚಿತ್ರ, ತೆಂಗಿನ ಮರದಡಿ ಅಜ್ಜಿ, ಪಕ್ಕದಲ್ಲಿ ಪೇಟ ಕಟ್ಟಿದ ಅಜ್ಜ, ಸುತ್ತ ಮೊಮ್ಮಕ್ಕಳು. ನಾನು ಓದಿ ಕೆಂಡವಾದೆ. ಇಷ್ಟು ಸುಳ್ಳನ್ನು ಇಷ್ಟು ಸಣ್ಣ ಪ್ಯಾಕೆಟ್ಟಿನಲ್ಲಿ ಹಿಡಿಸಿದ್ದಕ್ಕೇ ಅವರಿಗೆ ಬಹುಮಾನ ಕೊಡಬೇಕು. ಅಮ್ಮ ಕನ್ನಡಕ ಹಾಕಿಕೊಂಡು ಆ ಅಜ್ಜನನ್ನೇ ತುಂಬ ಹೊತ್ತು ನೋಡಿದಳು. "ನಿಮ್ಮಪ್ಪ ಪೇಟ ಎಲ್ ಕಟ್ತಿದ್ರು," ಅಂದಳು. ಆಮೇಲೆ, "ಮೀಸೇನೂ ಸರಿಯಾಗಿ ಬರ್ದಿಲ್ಲ," ಅಂದಳು. ಕತ್ತರಿಯಲ್ಲಿ ಆ ಚಿತ್ರವನ್ನಷ್ಟೇ ಕತ್ತರಿಸಿ ದೇವರ ಮನೆಯಲ್ಲಿ ಅಪ್ಪನ ಫೋಟೋದ ಹಿಂದೆ ಸಿಕ್ಕಿಸಿದಳು.

ಹುರಿಹಿಟ್ಟು ಅಂಗಡಿಯಲ್ಲಿ ಮೊದಲೂ ಸಿಗುತ್ತಿತ್ತು. ಮಕ್ಕಳಿಗೆ, ಬಾಣಂತಿಗೆ, ಹಲ್ಲಿಲ್ಲದವರಿಗೆ ಅಂತ ಕಾಗದದ ಪೊಟ್ಟಣದಲ್ಲಿ ತರುತ್ತಿದ್ದೆವು. ಇವರು ಮಾರಿದ್ದು ಹುರಿಹಿಟ್ಟಿನ ಜೊತೆಗೆ ಅಜ್ಜಿಯ ಬೆಳಗನ್ನು. ಬೆಳಿಗ್ಗೆ ಎದ್ದು ಮೊಬೈಲ್ ಮುಟ್ಟಬಾರದು. ಮಣೆಯ ಮೇಲೆ ಕೂರಬೇಕು. ಹುರಿಹಿಟ್ಟನ್ನು ಹಾಲಿಗೆ ಕದಡಿ, ಕಂಚಿನ ಲೋಟದಲ್ಲಿ, ಗುಟುಕು ಗುಟುಕಾಗಿ, ಪೂರ್ವಕ್ಕೆ ಮುಖ ಮಾಡಿ ಕುಡಿಯಬೇಕು. ಲೋಟವೂ ಅವರದೇ, ಮಣೆಯೂ ಅವರದೇ, ಒರೆಸಿಕೊಳ್ಳುವ ಕೈಮಗ್ಗದ ಟವಲೂ ಅವರದೇ. ಮೊಬೈಲ್ ಮುಟ್ಟಬಾರದು ಅನ್ನುವುದನ್ನು ದಿನಾ ಬೆಳಿಗ್ಗೆ ನೆನಪಿಸಲು ವಾಟ್ಸಾಪ್ ಗುಂಪೂ ಇತ್ತು. ನಮ್ಮ ಸ್ಟಾಫ್‌ರೂಮಿನಲ್ಲಿ ಗಣಿತದ ಮೇಡಂ ಕಾಫಿ ಬಿಟ್ಟರು. ಕುರ್ಚಿ ಬಿಟ್ಟು ಮಣೆ ತಂದರು. "ನಿಮ್ಮ ತಾಯಿ ತರ ಬದುಕ್ಬೇಕು ಮೇಡಂ, ಎಷ್ಟು ನೆಮ್ಮದಿ ಆ ಮುಖದಲ್ಲಿ," ಅಂತ ನನ್ನ ಕೈ ಹಿಡಿದುಕೊಂಡರು. ಆ ಹೊತ್ತಿಗೆ ನಮ್ಮ ತಾಯಿ ಮನೆಯಲ್ಲಿ ಎರಡನೇ ಲೋಟ ಕಾಫಿ ಕುಡಿಯುತ್ತ ಧಾರಾವಾಹಿಯ ಅತ್ತೆಗೆ ಶಾಪ ಹಾಕುತ್ತಿದ್ದಳು.

ಭಾನುವಾರ ಬೆಳಿಗ್ಗೆ ಅಮಾನಿಕೆರೆಯ ಹತ್ತಿರ ಸೇರುವ ರೂಢಿ ಶುರುವಾಯಿತು. ಖಾದಿ, ಕಾಟನ್ ಹಾಕಿಕೊಂಡ ಜನ, ಸಾಲಾಗಿ ಮಣೆ. ಮೊದಲ ಲೋಟವನ್ನು ಅಜ್ಜಿಯ ಕೈಯಿಂದ ಕೊಡಿಸಬೇಕು ಅಂತ ಕಾರು ಕಳಿಸುತ್ತಿದ್ದರು. ಆ ಸೀರೆ, ಬಳೆ, ಕುಂಕುಮ ಎಲ್ಲ ಹಾಕಿಕೊಂಡು ಅಮ್ಮ ಮಧ್ಯದಲ್ಲಿ ಕೂರುತ್ತಿದ್ದಳು. ಹೇಳಿಕೊಟ್ಟ ಮಾತು ಒಂದೇ: "ನಿಧಾನಕ್ಕೆ ಕುಡೀರಿ, ನಿಧಾನಕ್ಕೆ ಬಾಳಿ." ಕಾರು ಹತ್ತಿದ ತಕ್ಷಣ, "ಎಲ್ಲಿಯ ನಿಧಾನ? ನಿಂತ್ಕೊಂಡೇ ನುಂಗ್ಬುಟ್ಟು ಹೊಲಕ್ಕೆ ಓಡ್ತಿದ್ವಿ," ಅಂತ ನಗುತ್ತಿದ್ದಳು. ಬಂದವರಲ್ಲಿ ಅರ್ಧ ಜನ ಕಾಲಿಗೆ ನಮಸ್ಕಾರ ಮಾಡಿ, "ಮುತ್ತೈದೆ ಅಜ್ಜಿ ಆಶೀರ್ವಾದ ಮಾಡಿ," ಅನ್ನುತ್ತಿದ್ದರು. ಅವಳು ಅವರ ತಲೆ ಮುಟ್ಟಿ ಆಶೀರ್ವಾದ ಮಾಡುತ್ತಿದ್ದಳು. ನಾನು ಕೆರೆಯ ಕಡೆ ನೋಡುತ್ತಿದ್ದೆ.

ಭಾನುವಾರದ ಕುಂಕುಮ ಸೋಮವಾರಕ್ಕೂ ಬಂತು, ಮಂಗಳವಾರಕ್ಕೂ ಬಂತು. ಅಮ್ಮ ಎಲ್ಲಿಂದಲೋ ಮೇಣದ ಡಬ್ಬಿ ತರಿಸಿಕೊಂಡಳು. ದಿನಾ ಬೆಳಿಗ್ಗೆ, ತಡವಾಗಿಯಾದರೂ ಎದ್ದು, ಕನ್ನಡಿಯ ಮುಂದೆ ನಿಂತು, ಮೇಣ, ಕುಂಕುಮ, ಸೆರಗಿನ ತುದಿ. ನಾನೇನೂ ಕೇಳಲಿಲ್ಲ. ಅಕ್ಕಪಕ್ಕದವರೂ ಕೇಳಲಿಲ್ಲ, ಬದಲಿಗೆ ಹೆಮ್ಮೆಯಿಂದ ಮಾತಾಡಿಸಿದರು. ಎದುರು ಮನೆಯಾಕೆ ಶುಕ್ರವಾರ ಅರಿಶಿನ ಕುಂಕುಮಕ್ಕೆ ಬಂದು ನನ್ನ ಜೊತೆ ಅವಳನ್ನೂ ಕರೆದರು. ಅಮ್ಮ ಅಡುಗೆಮನೆಗೆ ಹೋಗಲಿಲ್ಲ. ಸೆರಗು ಸರಿ ಮಾಡಿಕೊಂಡು ನನಗಿಂತ ಮುಂದೆ ಹೊರಟಳು.

ಗುಬ್ಬಿಯಿಂದ ಚಿಕ್ಕಪ್ಪ ಬಂದ. ನಾನು ನಿರೀಕ್ಷೆ ಮಾಡಿದ್ದೆ. ತೋಟದ ತೆಂಗಿನಕಾಯಿ ಮೂಟೆ ಇಳಿಸಿ, ನೀರು ಕುಡಿದು, ನೆಲ ನೋಡುತ್ತ ಶುರು ಮಾಡಿದ. "ಅತ್ಗೆ, ಊರಲ್ಲಿ ಜನ ಒಂಥರಾ ಮಾತಾಡ್ತಾವ್ರೆ."

"ಏನಂತಪ್ಪ?"

"ಅಣ್ಣ ಹೋದ್ಮೇಲೆ ಇದ್ಯಾವ ಸೀಮೆ ಅಲಂಕಾರ ಅಂತ."

ನಾನು ಸೌಟು ಹಿಡಿದುಕೊಂಡೇ ಅಡುಗೆಮನೆಯಿಂದ ಹೊರಗೆ ಬಂದೆ. ಅಮ್ಮ ಕೈಯಲ್ಲೇ ನನ್ನನ್ನು ತಡೆದಳು. "ಅಲಂಕಾರ ಅಲ್ಲ ಕಣಪ್ಪ, ಯೂನಿಫಾರಂ. ನಮ್ಮಳಿಯಂದ್ರು ನೀಲಿ ಶರ್ಟ್ ಹಾಕ್ಕಂಡು ಕೆಲ್ಸಕ್ಕೆ ಹೋಗಲ್ವಾ, ಹಂಗೇ. ಅಜ್ಜಿ ಯಾವಾಗ್ಲೂ ಹಿಂಗೇ ಇರ್ಬೇಕು, ಯಾರ್ ಯಾವಾಗ ಫೋಟೋ ಹಿಡೀತಾರೋ ಅಂತ ಕಂಪ್ನಿಯೋರು ಹೇಳವ್ರೆ."

ಕಂಪನಿಯವರು ಹಾಗೆ ಹೇಳಿರಲಿಲ್ಲ. ಚಿಕ್ಕಪ್ಪ ಯೋಚನೆ ಮಾಡಿದ. ಅವನ ಮುಖ ಸಡಿಲವಾಯಿತು. ಊರಿನವರಿಗೆ ಹೇಳಲು ಅವನಿಗೂ ಒಂದು ಮಾತು ಬೇಕಾಗಿತ್ತು, ಅದು ಸಿಕ್ಕಿತು. "ಕಂಪ್ನಿ ರೂಲ್ಸು ಅಂದ್ರೆ ಏನ್ ಮಾಡೋಕಾಗುತ್ತೆ ಬುಡಿ," ಅಂದ. ಊಟ ಮಾಡಿ, ಮಗಳಿಗೆ ಅಂತ ಎರಡು ಪ್ಯಾಕೆಟ್ ತೆಗೆದುಕೊಂಡು ಹೋದ. ಆರು ವರ್ಷ ನಾನು ವಾದ ಮಾಡಿ, ಭಾಷಣ ಮಾಡಿ, ಅತ್ತು ಕರೆದು ಆಗದೇ ಇದ್ದದ್ದು ಒಂದು ಯೂನಿಫಾರಂ ಅನ್ನುವ ಮಾತಿನಿಂದ ಆಗಿಬಿಟ್ಟಿತ್ತು. ನನಗೆ ಖುಷಿಯಾಗಬೇಕಿತ್ತು. ಆಯಿತು ಕೂಡ. ಆದರೆ ಆ ಹಾಳು ಪ್ಯಾಕೆಟ್ಟಿನ ಸುಳ್ಳುಗಳಿಗೆ ನಾನು ಋಣಿಯಾಗಬೇಕಾಗಿ ಬಂತಲ್ಲ ಅಂತ ಒಳಗೊಳಗೇ ಕೊರೆಯುತ್ತಿತ್ತು. ಅಂಗಡಿಯಲ್ಲಿ ಯಾರಾದರೂ ಆ ಪ್ಯಾಕೆಟ್ ಕೈಗೆತ್ತಿಕೊಂಡರೆ, ಮೋಸ ಹೋಗಬೇಡಿ ಅನ್ನಬೇಕು ಅನಿಸುತ್ತಿತ್ತು. ಇನ್ನೊಂದು ಮನಸ್ಸು, ಎರಡು ಕೊಳ್ಳಿ, ಈ ಕಂಪನಿ ಮುಳುಗದೇ ಇರಲಿ ಅನ್ನುತ್ತಿತ್ತು.

ಮುಂದಿನ ವರ್ಷ ಚಿಕ್ಕಪ್ಪನ ಮಗಳ ಸೀಮಂತ ಗುಬ್ಬಿಯ ಒಂದು ಛತ್ರದಲ್ಲಿ. ಅವಳೂ ಆ ಬೆಳಗಿನ ಗುಂಪಿಗೆ ಸೇರಿದವಳು, ಮಣೆ, ಲೋಟ ಎಲ್ಲ ಕೊಂಡವಳು. "ದೊಡ್ಡಮ್ಮ, ನೀವು ಆ ಸೀರೇಲೇ ಬರ್ಬೇಕು, ನನ್ನ ಆಣೆ," ಅಂತ ಫೋನಿನಲ್ಲಿ ಹಟ ಮಾಡಿದಳು. ಅಪ್ಪ ಹೋದ ಮೇಲೆ ಅಮ್ಮ ಶುಭಕಾರ್ಯಗಳಿಗೆ ಊಟದ ಹೊತ್ತಿಗೆ ಹೋಗಿ, ಹಿಂದಿನ ಸಾಲಿನಲ್ಲಿ ಕೂತು, ಎದ್ದು ಬಂದುಬಿಡುತ್ತಿದ್ದಳು. ಈ ಸಲ ಬೆಳಿಗ್ಗೆ ಆರಕ್ಕೇ ಎದ್ದು ತಲೆಗೆ ನೀರು ಹಾಕಿಕೊಂಡಳು. ಕನ್ನಡಿಯ ಮುಂದೆ ಯಾವತ್ತಿಗಿಂತ ಹೆಚ್ಚು ಹೊತ್ತು ನಿಂತಳು.

ಛತ್ರದ ವೇದಿಕೆ ಥೇಟ್ ಆ ಪ್ಯಾಕೆಟ್ಟಿನ ಬಣ್ಣದಲ್ಲೇ ಇತ್ತು. ಕಂಚಿನ ಲೋಟ, ಮಣೆ, ತೆಂಗಿನ ಗರಿಯ ಚಪ್ಪರ. ಬಾಗಿಲ ಹತ್ತಿರ ತಾಂಬೂಲದ ಚೀಲಗಳ ರಾಶಿ. ಪ್ರತಿಯೊಂದರಲ್ಲೂ ತೆಂಗಿನಕಾಯಿ, ಎಲೆ ಅಡಿಕೆ, ರವಿಕೆ ಬಟ್ಟೆ, ಒಂದು ಹುರಿಹಿಟ್ಟಿನ ಪ್ಯಾಕೆಟ್. ಚೀಲದ ಬಾಯಿಂದ ಅಮ್ಮನ ಮುಖ ಇಣುಕುತ್ತಿತ್ತು. ಹುಡುಗಿಯರು ಅಮ್ಮನನ್ನು ಮುತ್ತಿಕೊಂಡು ಸೆಲ್ಫಿ ತೆಗೆದುಕೊಂಡರು. ಬಸುರಿ ಹುಡುಗಿ ಕೈ ಹಿಡಿದು ವೇದಿಕೆಗೆ ಕರೆದೊಯ್ದಳು. ಅಮ್ಮ ಅವಳ ಪಕ್ಕ ಕೂತು, ಲೋಟ ಕೈಗಿತ್ತು, ಕೆನ್ನೆ ಸವರಿದಳು. ಫೋಟೋದವನು ಇನ್ನೊಂದ್ಸಲ, ಇನ್ನೊಂದ್ಸಲ ಅಂದ. ಅಮ್ಮನಿಗೆ ನಗು ಹೇಳಿಕೊಡಬೇಕಾಗಿರಲಿಲ್ಲ, ಆವತ್ತು ಅದು ತಾನಾಗಿಯೇ ಬಂದಿತ್ತು.

ಫೋಟೋ ಮುಗಿಯಿತು. ಬಳೆಯ ಮಲಾರ ಬಂತು, ಆರತಿ ತಟ್ಟೆ ಬಂತು. ಮುತ್ತೈದೆಯರು ಒಬ್ಬೊಬ್ಬರಾಗಿ ಮೆಟ್ಟಿಲು ಹತ್ತತೊಡಗಿದರು. ಅಮ್ಮ ತಟ್ಟೆಯಿಂದ ಎರಡು ಹಸಿರು ಬಳೆ ಕೈಗೆ ತೆಗೆದುಕೊಂಡು, ಹುಡುಗಿಯ ಮುಂಗೈ ಹಿಡಿದುಕೊಂಡಿದ್ದಳು. ಆಗ ಚಿಕ್ಕಮ್ಮ ಬಂದು ಅವಳ ಭುಜ ಮುಟ್ಟಿದಳು. ದನಿ ತಗ್ಗಿಸಿಯೇ ಹೇಳಿದಳು, ಮೈಕು ಹತ್ತಿರದಲ್ಲೇ ಇದ್ದದ್ದರಿಂದ ನನಗೂ ಕೇಳಿಸಿತು.

"ಅಕ್ಕ, ಫೋಟೋ ಆಯ್ತಲ್ಲ. ಈಗ ಶಾಸ್ತ್ರ ಮಾಡ್ಬೇಕು. ನೀವು ಸ್ವಲ್ಪ ಕೆಳಗಡೆ ಕೂತ್ಕೊಳಿ."

ಅಮ್ಮ ಬಳೆಗಳನ್ನು ತಟ್ಟೆಗೆ ವಾಪಸ್ಸು ಇಟ್ಟಳು. ತನ್ನ ಕೈಯ ಬಳೆಗಳು ಸದ್ದು ಮಾಡದ ಹಾಗೆ ಇನ್ನೊಂದು ಕೈಯಿಂದ ಹಿಡಿದುಕೊಂಡು ಮೆಟ್ಟಿಲು ಇಳಿದು ಬಂದಳು. ನಾನು ಎದ್ದು ನಿಂತಿದ್ದೆ. ಆವತ್ತು ನಾನು ಆ ಛತ್ರವನ್ನೇ ತಲೆಕೆಳಗು ಮಾಡುವವಳಿದ್ದೆ. ಅಮ್ಮ ಪಕ್ಕದಲ್ಲಿ ಕೂತು ನನ್ನ ಸೀರೆಯ ನೆರಿಗೆ ಹಿಡಿದು ಎಳೆದಳು. "ಕೂತ್ಕೋ. ಬಸ್ರಿ ಮುಂದೆ ರಂಪ ಮಾಡ್ಬೇಡ." ಕೂತೆ. ಹಲ್ಲು ಕಚ್ಚಿಕೊಂಡು ಕೂತೆ.

ಹೊರಡುವಾಗ ಬಾಗಿಲಲ್ಲಿ ಚಿಕ್ಕಮ್ಮನೇ ನಿಂತು ಎಲ್ಲ ಹೆಂಗಸರಿಗೂ ಕುಂಕುಮ ಕೊಟ್ಟು ಚೀಲ ಕೊಡುತ್ತಿದ್ದಳು. ನನಗೆ ಕೊಟ್ಟಳು. ಅಮ್ಮನ ಸರದಿ ಬಂದಾಗ ಕುಂಕುಮದ ಬಟ್ಟಲನ್ನು ಹಿಂದೆ ನಿಂತಿದ್ದವಳ ಕೈಗೆ ದಾಟಿಸಿ, ಎರಡೂ ಕೈಯಿಂದ ಚೀಲ ಮಾತ್ರ ಕೊಟ್ಟಳು. ಅವಳ ಕಣ್ಣಲ್ಲಿ ನೀರಿತ್ತು. ಅದು ಸುಳ್ಳಿನ ನೀರಲ್ಲ ಅಂತ ನನಗೆ ಗೊತ್ತು, ಅದಕ್ಕೇ ಸಿಟ್ಟು ಇನ್ನೂ ಜಾಸ್ತಿಯಾಯಿತು. ಅತ್ತುಕೊಂಡು ಮಾಡುವುದಾದರೆ ಮಾಡುವುದು ಯಾಕೆ?

ಕಾರಿನಲ್ಲಿ ಅಮ್ಮ ಚೀಲದಿಂದ ಪ್ಯಾಕೆಟ್ ತೆಗೆದು ತೊಡೆಯ ಮೇಲೆ ಇಟ್ಟುಕೊಂಡಳು. ತನ್ನದೇ ಮುಖವನ್ನು ಬೆರಳಲ್ಲಿ ತಟ್ಟಿ, "ಇವ್ಳನ್ನ ಎಲ್ಲಾ ಕಡೆ ಕರೀತಾರೆ ನೋಡು," ಅಂದಳು. ತಮಾಷೆ ಮಾಡಿದ್ದಳು. ನಮಗೆ ಯಾರಿಗೂ ನಗು ಬರಲಿಲ್ಲ.

ಮಾರನೆಯ ಬೆಳಿಗ್ಗೆ ಅವಳು ಏನು ಮಾಡುತ್ತಾಳೆ ಅಂತ ನಾನು ಶಾಲೆಗೆ ಹೊರಡುವುದನ್ನು ತಡ ಮಾಡಿ ಕಾದೆ. ಕನ್ನಡಿಯ ಮುಂದೆ ಬಂದಳು, ಮೇಣ ಹಚ್ಚಿದಳು, ಕುಂಕುಮ ಒತ್ತಿದಳು. ನಾನು ನೋಡುತ್ತಿರುವುದು ಗೊತ್ತಾಗಿ, ನಾನು ಕೇಳದಿದ್ದರೂ, "ಯೂನಿಫಾರಂ," ಅಂದಳು. ನನಗೆ ಎದೆಯ ಭಾರ ಇಳಿಯಿತು. ಪರವಾಗಿಲ್ಲ, ಗುಬ್ಬಿಯಲ್ಲಿ ಏನಾದರೂ ಆಗಲಿ, ಇದಿಷ್ಟು ಉಳಿಯಿತು ಅಂದುಕೊಂಡು ಬಸ್ಸು ಹತ್ತಿದೆ.

ಕೆಲವು ತಿಂಗಳಾದ ಮೇಲೆ ಮಾಲೀಕ ಸ್ವೀಟ್ ಬಾಕ್ಸ್ ಹಿಡಿದುಕೊಂಡು ಮನೆಗೆ ಬಂದ. ವ್ಯಾಪಾರ ದೊಡ್ಡದಾಗಿತ್ತು, ಬೆಂಗಳೂರಿನ ದೊಡ್ಡ ಅಂಗಡಿಗಳಿಗೂ ಹೋಗುತ್ತಿತ್ತು. ಸೋಫಾದ ತುದಿಯಲ್ಲಿ ಕೂತು ಹೊಸ ಪ್ಯಾಕೆಟ್ ತೆಗೆದು ಅಮ್ಮನ ಕೈಗೆ ಕೊಟ್ಟ. "ಹೊಸ ಡಿಸೈನ್ ಅಮ್ಮ. ಅಜ್ಜಿ ಫೋಟೋ ಇದ್ರೆ ವಯಸ್ಸಾದೋರ ತಿಂಡಿ ಅಂದ್ಕೊಂತಾರಂತೆ. ಈಗ ಎಲ್ಲಾ ಸಿಂಪಲ್ಲಾಗಿ ಇರ್ಬೇಕಂತೆ."

ತಿಳಿ ಮಣ್ಣಿನ ಬಣ್ಣದ ಪ್ಯಾಕೆಟ್. ಕೂದಲು ಬಾಚಿ ಹಿಂದಕ್ಕೆ ಕಟ್ಟಿದಂತೆ ಒಂದು ಗೆರೆ. ಅದರ ಕೆಳಗೆ ಕೆಂಪಗೆ, ದುಂಡಗೆ, ಒಂದು ಕುಂಕುಮ. ಅಷ್ಟೇ. ಕಣ್ಣಿಲ್ಲ, ಮೂಗಿಲ್ಲ, ಬಾಯಿಲ್ಲ. ನಮ್ಮಮ್ಮನನ್ನು ತೆಗೆದು ಕುಂಕುಮವನ್ನು ಮಾತ್ರ ಉಳಿಸಿಕೊಂಡಿದ್ದರು. ಅಮ್ಮ ಆ ಕೆಂಪಿನ ಮೇಲೆ ಉಂಗುರದ ಬೆರಳಿಟ್ಟು ಸುತ್ತ ಸವರಿದಳು. "ದುಂಡಗೈತೆ," ಅಂದಳು.

"ನೀವೇ ಇಟ್ಟಿದ್ದಲ್ವಾ ಅಮ್ಮ, ಆವತ್ತು ಫೋಟೋಗೆ. ಅದನ್ನೇ ಹಂಗಂಗೇ ತಗೊಂಡಿದೀವಿ," ಅಂದ ಅವನು, ನಿಜವಾದ ಅಭಿಮಾನದಿಂದ.

ಇನ್ನು ಭಾನುವಾರ ಬರುವ ತೊಂದರೆ ಬೇಡ, ಎಲ್ಲ ವಿಡಿಯೋದಲ್ಲೇ ಮಾಡುತ್ತೇವೆ ಅಂದ. ಅಮ್ಮ, "ಹಂಗಾರೆ ಸೀರೆ ಬಳೆ ವಾಪಸ್ ಕೊಡ್ಬೇಕೇನಪ್ಪ?" ಅಂತ ಕೇಳಿದಳು. ಅವನು ಅಯ್ಯೋ ಎಲ್ಲಾದ್ರೂ ಉಂಟಾ ಅಂತ ಕಿವಿ ಮುಟ್ಟಿಕೊಂಡು, ಕಾಲಿಗೆ ನಮಸ್ಕಾರ ಮಾಡಿ ಹೋದ. ಒಳ್ಳೆಯವನು. ಅವನ ಮೇಲೆ ಸಿಟ್ಟು ಮಾಡಿಕೊಳ್ಳಲು ಎಷ್ಟು ಪ್ರಯತ್ನಪಟ್ಟರೂ ಹಿಡಿಯಲು ಒಂದು ಕಾರಣ ಸಿಗಲಿಲ್ಲ. ತಾನು ಏನು ಕೊಟ್ಟಿದ್ದೆ, ಏನು ತೆಗೆದುಕೊಂಡು ಹೋದೆ ಅನ್ನುವುದು ಅವನಿಗೆ ಗೊತ್ತೇ ಇರಲಿಲ್ಲ.

ಮರುದಿನ ಅಮ್ಮನ ಹಣೆಯಲ್ಲಿ ಕಂದು ಸ್ಟಿಕರ್ ಇತ್ತು. ಸೀರೆ, ಬಳೆ, ಮೇಣದ ಡಬ್ಬಿ, ಮೂರನ್ನೂ ಒಂದು ಚೀಲಕ್ಕೆ ತುಂಬಿ ಬೀರುವಿನ ಮೇಲೆ ಇಟ್ಟಿದ್ದಳು. ಶುಕ್ರವಾರ ಎದುರು ಮನೆಯಾಕೆ ಬಂದರು. ಅಮ್ಮನ ಹಣೆ ನೋಡಿ ತಡವರಿಸಿದರು. ಅಮ್ಮ ಅವರ ಕಷ್ಟ ತಪ್ಪಿಸಲು, ಒಲೆ ಮೇಲೆ ಹಾಲಿದೆ ಅಂತ ಹೇಳಿ ಅಡುಗೆಮನೆಗೆ ಹೋದಳು. ಒಲೆ ಆರಿತ್ತು.

ಈಗ ಎಲ್ಲಿ ಹೋದರೂ ಆ ಕೆಂಪು ಕುಂಕುಮ ನನ್ನ ಕಣ್ಣಿಗೆ ಬೀಳುತ್ತದೆ. ಬಟ್ಟೆಯ ಚೀಲದ ಮೇಲೆ, ಟೀ ಶರ್ಟಿನ ಮೇಲೆ, ಗಣಿತದ ಮೇಡಂ ಅವರ ನೀರಿನ ಬಾಟಲಿಯ ಮೇಲೆ. ಕಾಲೇಜು ಹುಡುಗರು ಅದನ್ನು ಬೈಕಿಗೆ ಅಂಟಿಸಿಕೊಂಡು ತಿರುಗುತ್ತಾರೆ. ಯಾರು ಬೇಕಾದರೂ ಎಲ್ಲಿ ಬೇಕಾದರೂ ಹಾಕಿಕೊಳ್ಳಬಹುದು.

ಮೊನ್ನೆ ಶಾಲೆಗೆ ರಜೆ ಇತ್ತು. ಅಮ್ಮ ಮುಖ ತೊಳೆದು ಕನ್ನಡಿಯ ಹತ್ತಿರ ಬಂದಳು. ನಾನು ಸ್ಟೂಲು ಹಾಕಿ ಬೀರುವಿನ ಮೇಲಿಂದ ಮೇಣದ ಡಬ್ಬಿ ಇಳಿಸಿ, ದೇವರ ಮನೆಯ ಕುಂಕುಮದ ಬಟ್ಟಲನ್ನೂ ತಂದು, ಎರಡನ್ನೂ ಅವಳ ಮುಂದೆ ಹಿಡಿದೆ. "ಇಟ್ಕೋಮ್ಮ," ಅಂದೆ. ಅವಳು ಬೇಡ ಅನ್ನಲಿಲ್ಲ. ಡಬ್ಬಿ ತೆರೆದು ಮೂಸಿ ನೋಡಿದಳು. ಉಂಗುರದ ಬೆರಳಿಗೆ ಮೇಣ ತೆಗೆದುಕೊಂಡಳು. ಹಣೆಯವರೆಗೆ ಬಂದ ಕೈ ಅಲ್ಲೇ ನಿಂತಿತು. ಕನ್ನಡಿಯಲ್ಲಿ ನನ್ನನ್ನು ನೋಡಿ, ನಿಜಕ್ಕೂ ತಿಳಿದುಕೊಳ್ಳಬೇಕು ಅನ್ನುವ ಹಾಗೆ ಕೇಳಿದಳು.

"ಯಾರಾದ್ರೂ ಕೇಳಿದ್ರೆ ಏನಂತ ಹೇಳ್ಲಿ?"

"ನನಗಿಷ್ಟ, ಇಟ್ಕೊಂಡಿದೀನಿ ಅಂತ ಹೇಳು."

ಅಮ್ಮ ನಕ್ಕಳು. ನಾನು ಏನೋ ಮಕ್ಕಳ ಮಾತು ಆಡಿದೆ ಅನ್ನುವ ಹಾಗೆ. "ಅಷ್ಟಂದ್ರೆ ಸುಮ್ನಾಯ್ತಾರೇನ್ಲೇ? ಕಂಪ್ನಿ ಹೆಸ್ರು ಹೇಳಿದ್ರೆ ಸುಮ್ನಾಯ್ತಿದ್ರು."

ಬೆರಳಿನ ಮೇಣವನ್ನು ಸೆರಗಿಗೆ ಒರೆಸಿಕೊಂಡು, ಸ್ಟಿಕರ್ ಅಂಟಿಸಿಕೊಂಡು, ಕಾಫಿ ಆಯಿತಾ ಅಂತ ಕೇಳಿದಳು.